ಎರಡು ಮೇಜು ಖಾಲಿ ಬಿಟ್ಟ ಕೆಫೆ: ವಾರಾಂತ್ಯದ ಒಂದು ತಿಂಡಿಯ ಪ್ರಕರಣ

ಬಾಗಿಲಲ್ಲಿ ಹತ್ತು ಜನ ಕಾಯುತ್ತಿರುವಾಗ ಒಳಗೆ ಎರಡು ಮೇಜುಗಳನ್ನು ಬೇಕೆಂದೇ ಖಾಲಿ ಬಿಟ್ಟ ಕೆಫೆಯನ್ನು ಬೈಯದೆ ಇರುವುದು ಕಷ್ಟ. ಕಾಯುತ್ತಿದ್ದವರಲ್ಲಿ ಕೆಲವರು ಗೊಣಗಿದರು. ಒಂದು ಜೋಡಿ ಸಿಟ್ಟಾಗಿ ಹೊರಟೇ ಹೋಯಿತು. ಆದರೆ ಅಲ್ಲಿ ಕುಳಿತು ತಿಂಡಿ ತಿಂದು, ಗದ್ದಲ ಇಳಿದ ಮೇಲೆ ಕೆಫೆ ನಡೆಸುವವರೊಂದಿಗೆ ಮಾತನಾಡಿದ ನಂತರ ನನಗೆ ಖಚಿತವಾಯಿತು: ಉಳಿದ ಆರು ಮೇಜುಗಳಿಗೆ ಒಳ್ಳೆಯ ತಿಂಡಿ ಸಿಕ್ಕಿದ್ದು ಆ ಎರಡು ಖಾಲಿ ಮೇಜುಗಳಿಂದಲೇ. ಚಿಕ್ಕ ಕೆಫೆಯ ಸೊಗಸು ಅದರ ಗೋಡೆಯ ಬಣ್ಣದಲ್ಲೋ ಹೂದಾನಿಯಲ್ಲೋ ಇದೆ ಎಂದು ನಂಬುವವರಿಗಾಗಿ ಈ ಪ್ರಕರಣವನ್ನು ವಿವರವಾಗಿ ಬರೆಯುತ್ತಿದ್ದೇನೆ.

ಜಾಗ ಮತ್ತು ಜನ

ಮನೆಗಳ ಸಾಲಿನ ನಡುವೆ, ಹಿಂದೆ ಯಾರದೋ ಹಜಾರವಾಗಿದ್ದ ಕೋಣೆ. ಎಂಟು ಮೇಜು, ಇಪ್ಪತ್ತು ಕುರ್ಚಿ. ಒಂದು ಕುರ್ಚಿಯಂತೆ ಇನ್ನೊಂದಿಲ್ಲ. ಬೀದಿಯ ಕಡೆಗೆ ದೊಡ್ಡ ಕಿಟಕಿ, ಹೊರಗೆ ಬಾಗಿಲ ಪಕ್ಕ ಉದ್ದನೆಯ ಮರದ ಬೆಂಚು. ಕೌಂಟರಿನ ಮುಂದೆ ಎತ್ತರದ ಎರಡು ಸ್ಟೂಲು. ಅಡುಗೆಮನೆ ಒಂದು ಕಿಂಡಿಯ ಹಿಂದಿದೆ: ಎರಡು ಬಾಣಲೆ ಇಡಬಹುದಾದ ಒಲೆ, ಅಂಗೈಯಗಲದ ಕಿಟಕಿಯಿರುವ ಸಣ್ಣ ಓವನ್. ಅಷ್ಟೇ.

ಕೆಲಸಕ್ಕೆ ಮೂವರು. ಒಲೆಯ ಮುಂದೆ ಒಬ್ಬ ಅಡುಗೆಯವರು, ಕಾಫಿ ಯಂತ್ರದ ಮುಂದೆ ಒಬ್ಬ ಯುವಕ, ಬಾಗಿಲು, ಮೇಜು, ಬಿಲ್ಲು ಎಲ್ಲಕ್ಕೂ ಒಡತಿಯೇ. ಟೋಸ್ಟರ್ ಕಿಂಡಿಯ ಹೊರಗೆ, ಕಾಫಿ ಯಂತ್ರದ ಬಳಿ ಇದ್ದುದರಿಂದ ಬ್ರೆಡ್ಡು ಸುಡುವ ಕೆಲಸ ಕಾಫಿ ಯುವಕನ ಪಾಲಿಗೆ ಬಂದಿತ್ತು. ಇದು ಸಣ್ಣ ಸಂಗತಿಯಂತೆ ಕಾಣುತ್ತದೆ, ಮುಂದೆ ಇದಕ್ಕೆ ಮತ್ತೆ ಬರುತ್ತೇನೆ.

ಕೋಣೆಯ ಸದ್ದಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಚಿಕ್ಕ ಕೆಫೆಗಳು ಹಾಳಾಗುವುದು ಸದ್ದಿನಿಂದ. ಗದ್ದಲದಲ್ಲಿ ಮನುಷ್ಯ ತನಗೆ ಗೊತ್ತಿಲ್ಲದಂತೆಯೇ ದನಿ ಏರಿಸುತ್ತಾನೆ. ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲಿ ಇದನ್ನು ದಾಖಲಿಸಿದ ಕಾರಣ ಇಂದಿಗೂ ಇದಕ್ಕೆ ಲೊಂಬಾರ್ ಪರಿಣಾಮ ಎಂದೇ ಹೆಸರು. ಒಂದು ಮೇಜಿನವರು ದನಿ ಏರಿಸಿದರೆ ಪಕ್ಕದವರೂ ಏರಿಸುತ್ತಾರೆ, ಅದನ್ನು ಕೇಳಿ ಮೊದಲಿನವರು ಇನ್ನಷ್ಟು. ಗಾಜು, ಟೈಲ್ಸು, ಬೋಳು ಗೋಡೆ ಸದ್ದನ್ನು ನುಂಗುವುದಿಲ್ಲ, ಹಿಂದಕ್ಕೆ ಎಸೆಯುತ್ತವೆ. ಈ ಕೆಫೆಯ ಕಿಟಕಿಗೆ ನೆರಿಗೆ ನೆರಿಗೆಯಾದ ದಪ್ಪ ಪರದೆಗಳಿದ್ದವು. ಒಂದು ಗೋಡೆಯ ತುಂಬ ಪುಸ್ತಕದ ಕಪಾಟು, ಕುರ್ಚಿಗಳ ಮೇಲೆ ಬಟ್ಟೆಯ ದಿಂಬು. ನೋಡುವವರಿಗೆ ಅಲಂಕಾರ. ಆದರೆ ಆರು ಮೇಜು ತುಂಬಿದ್ದಾಗಲೂ ಅಕ್ಕನ ಮಾತು ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಅವಳು ಮೊದಲೇ ಮೆಲುದನಿಯವಳು.

ನಡೆದದ್ದು

ಭಾನುವಾರ ಒಂಬತ್ತೂವರೆಯ ಹೊತ್ತಿಗೆ ಅಕ್ಕನೂ ನಾನೂ ಅಲ್ಲಿಗೆ ತಲುಪಿದೆವು. ಅದೇ ಹೊತ್ತು ಎಲ್ಲರ ಹೊತ್ತು. ವಾರದ ದಿನಗಳಲ್ಲಿ ತಿಂಡಿಗೆ ಬರುವವರು ಏಳರಿಂದ ಹತ್ತರವರೆಗೆ ಹಂಚಿಕೊಂಡು ಬರುತ್ತಾರೆ. ಅವರಿಗೆ ಕೆಲಸಕ್ಕೆ ಹೋಗುವ ಅವಸರವೂ ಇರುತ್ತದೆ. ರಜೆಯ ದಿನ ಎಲ್ಲರೂ ತಡವಾಗಿ ಎದ್ದು ಒಮ್ಮೆಗೇ ಬರುತ್ತಾರೆ, ಬಂದವರು ಬೇಗ ಏಳುವುದೂ ಇಲ್ಲ. ಏಳಬೇಕೆಂದು ನಾನೂ ಹೇಳುವುದಿಲ್ಲ, ವಾರಾಂತ್ಯದ ತಿಂಡಿಯ ಸುಖವೇ ಅದು.

ಒಡತಿ ಬಾಗಿಲಿಗೆ ಬಂದು ಹೆಸರು ಕೇಳಿ ಪುಸ್ತಕದಲ್ಲಿ ಬರೆದುಕೊಂಡರು. "ನಿಮಗಿಂತ ಮುಂದೆ ಮೂರು ಹೆಸರುಗಳಿವೆ. ಇಪ್ಪತ್ತೈದು ನಿಮಿಷ ಆಗುತ್ತದೆ. ಕಾಫಿ ಬೇಕಿದ್ದರೆ ಬೆಂಚಿಗೇ ತಂದುಕೊಡುತ್ತೇವೆ. ತಿಂಡಿಗೆ ಏನು ಬೇಕೆಂದು ಈಗಲೇ ಹೇಳಿಬಿಡಿ, ಒಳಗೆ ಬಂದ ಮೇಲೆ ಹೆಚ್ಚು ಕಾಯುವುದು ತಪ್ಪುತ್ತದೆ."

ಅಕ್ಕ ಕಿಟಕಿಯೊಳಗೆ ಕಣ್ಣು ಹಾಯಿಸಿದಳು. "ಅಲ್ಲಿ ಎರಡು ಮೇಜು ಖಾಲಿ ಇವೆಯಲ್ಲ?"

"ಮೇಜು ಖಾಲಿ ಇವೆ ಮೇಡಂ, ಒಲೆ ಖಾಲಿ ಇಲ್ಲ."

ಅಕ್ಕ ಮರುಮಾತಾಡದೆ ಬೆಂಚಿನ ಮೇಲೆ ಕುಳಿತಳು. ಮೆನು ಒಂದೇ ಹಾಳೆ. ಮೊಟ್ಟೆಯ ಮೂರು ಬಗೆ, ಟೋಸ್ಟು, ಹಣ್ಣು, ಆ ಬೆಳಿಗ್ಗೆ ಬೇಯಿಸಿದ ಕೇಕು. ಅವಳು ಮೆತ್ತಗೆ ಕದಡಿದ ಮೊಟ್ಟೆ ಕೇಳಿದಳು, ನಾನು ಹಳದಿ ಒಡೆಯದೆ ಬೇಯಿಸಿದ್ದು ಮತ್ತು ಟೋಸ್ಟು. ಕಾಫಿ ಕೆಲವೇ ನಿಮಿಷಗಳಲ್ಲಿ ಬೆಂಚಿಗೆ ಬಂತು.

ಕಾಯುತ್ತಿದ್ದಾಗ ಎರಡು ಘಟನೆಗಳು ನಡೆದವು. ವಯಸ್ಸಾದ ಒಬ್ಬರು ಬಂದು ಯಾರನ್ನೂ ಕೇಳದೆ ನೇರವಾಗಿ ಒಳಗೆ ಹೋದರು. ಬೆಂಚಿನಲ್ಲಿದ್ದ ಎಲ್ಲರ ಕಣ್ಣೂ ಅವರ ಬೆನ್ನ ಮೇಲೆ. ಒಡತಿ ಅದನ್ನು ಗಮನಿಸಿ ಹೊರಗೆ ಬಂದು, "ಅವರು ಕಾಫಿ ಮಾತ್ರ ಕುಡಿಯುವವರು, ಸ್ಟೂಲಿನ ಮೇಲೆ ಕೂರುತ್ತಾರೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಬೆಂಚು ತಣ್ಣಗಾಯಿತು. ಎರಡನೆಯದು ಅಷ್ಟು ಸುಲಭವಾಗಿ ಮುಗಿಯಲಿಲ್ಲ. ಒಡತಿ ಬಿಲ್ಲು ಮಾಡುತ್ತಿದ್ದಾಗ ಒಂದು ಜೋಡಿ ಒಳಗೆ ಬಂದು ಖಾಲಿ ಮೇಜಿನಲ್ಲಿ ಕುಳಿತೇಬಿಟ್ಟಿತು. ಮೇಜಿನ ಮೇಲೆ ಚಮಚ, ಕರವಸ್ತ್ರ ಎಲ್ಲವೂ ಸಿದ್ಧವಾಗಿದ್ದವು. ಅವರನ್ನು ಎಬ್ಬಿಸಬೇಕಾಯಿತು. "ಖಾಲಿ ಮೇಜು ಇಟ್ಟುಕೊಂಡು ಜನರನ್ನು ಹೊರಗೆ ನಿಲ್ಲಿಸುತ್ತೀರಾ?" ಎಂದು ಆತ ಕೇಳಿದ. ಪ್ರಶ್ನೆಯಲ್ಲಿ ನ್ಯಾಯವಿತ್ತು. ಒಡತಿ ವಿವರಿಸುವಷ್ಟರಲ್ಲಿ ಇಬ್ಬರೂ ಹೊರಟುಹೋಗಿದ್ದರು.

ಹೇಳಿದ ಸಮಯಕ್ಕಿಂತ ಸ್ವಲ್ಪ ಮೊದಲೇ ನಮಗೆ ಮೇಜು ಸಿಕ್ಕಿತು.

ಲೆಕ್ಕ

ಹನ್ನೊಂದರ ನಂತರ ಜನ ಕರಗಿದಾಗ ಒಡತಿ ನಮ್ಮ ಮೇಜಿನ ಬಳಿ ನಿಂತು ಲೆಕ್ಕ ಹೇಳಿದರು. ಅವರು ಹೇಳಿದ್ದು ಅನುಭವದಿಂದ. ಅದರ ಹಿಂದಿನ ಗಣಿತವನ್ನು ನಾನು ಸೇರಿಸುತ್ತಿದ್ದೇನೆ.

ವಾರಾಂತ್ಯದಲ್ಲಿ ಒಂದು ಮೇಜು ಸುಮಾರು 50 ನಿಮಿಷ ತುಂಬಿರುತ್ತದೆ. ಒಂದು ಮೇಜಿಗೆ ಸರಾಸರಿ ಎರಡೂವರೆ ತಟ್ಟೆ. ಒಂದು ತಟ್ಟೆಗೆ, ಬಾಣಲೆ ಒರೆಸಿ ಮತ್ತೆ ಬಿಸಿ ಮಾಡುವುದೂ ಸೇರಿ, ಐದು ನಿಮಿಷ. ಎರಡು ಬಾಣಲೆಯಲ್ಲಿ ಗಂಟೆಗೆ ಹೆಚ್ಚೆಂದರೆ 24 ತಟ್ಟೆ. ಎಂಟೂ ಮೇಜು ತುಂಬಿದರೆ ಗಂಟೆಗೆ ಬೇಕಾಗುವುದೂ 24 ತಟ್ಟೆಯೇ. ಸರಿಹೊಂದಿತಲ್ಲ ಎಂದು ಯಾರಿಗಾದರೂ ಅನಿಸಬೇಕು. ಹೊಸದಾಗಿ ಕೆಫೆ ತೆರೆದವರು ಮುಗ್ಗರಿಸುವ ಜಾಗ ಇದೇ.

ಜನ ಗಡಿಯಾರ ನೋಡಿಕೊಂಡು ಒಬ್ಬರ ಹಿಂದೆ ಒಬ್ಬರು ಬರುವುದಿಲ್ಲ, ಗುಂಪಾಗಿ ಬರುತ್ತಾರೆ. ಒಂದು ತಟ್ಟೆ ಮೂರು ನಿಮಿಷಕ್ಕೆ ಮುಗಿದರೆ ಇನ್ನೊಂದಕ್ಕೆ ಎಂಟು ನಿಮಿಷ. ಇಂಥ ಏರುಪೇರು ಇರುವಲ್ಲಿ ಸಾಮರ್ಥ್ಯದ ಅಂಚಿಗೆ ಹೋದಂತೆಲ್ಲ ಸರದಿ ಮೆಲ್ಲಗೆ ಬೆಳೆಯುವುದಿಲ್ಲ, ನೆಗೆಯುತ್ತದೆ. ಸರದಿಯ ಗಣಿತದ ಅತಿ ಸರಳ ಸೂತ್ರ (ಕೆಲಸದ ಪಾಲನ್ನು ಬಿಡುವಿನ ಪಾಲಿನಿಂದ ಭಾಗಿಸುವುದು) ತೆಗೆದುಕೊಂಡರೆ, ಶೇ 75ರಷ್ಟು ಕೆಲಸವಿರುವ ಒಲೆಯ ಬಳಿ ಸರಾಸರಿ 3 ಆರ್ಡರುಗಳಿರುತ್ತವೆ. ಶೇ 87.5 ಆದಾಗ 7. ಶೇ 95ಕ್ಕೆ 19. ಶೇ 100 ಎಂದರೆ ಸರದಿಗೆ ಮಿತಿಯೇ ಇಲ್ಲ. ಈ ಕೆಫೆಯಲ್ಲಿ ಆರು ಮೇಜು ಎಂದರೆ ಶೇ 75, ಏಳು ಎಂದರೆ ಶೇ 87.5, ಎಂಟು ಎಂದರೆ ಶೇ 100. ನಿಜವಾದ ಅಡುಗೆಮನೆ ಸೂತ್ರದಷ್ಟು ಸರಳವಲ್ಲ, ಅಂಕಿಗಳು ಬೇರೆಯಾಗಬಹುದು, ಏರುವ ರೀತಿ ಇದೇ. ಏಳನೆಯ ಮೇಜು ಕೊಟ್ಟಾಗ ಕಾಯುವಿಕೆ ಆರರಲ್ಲಿ ಒಂದು ಪಾಲು ಹೆಚ್ಚುವುದಿಲ್ಲ, ದುಪ್ಪಟ್ಟು ದಾಟುತ್ತದೆ.

ಇನ್ನೊಂದು ಸಂಬಂಧವೂ ಇಲ್ಲಿ ಕೆಲಸ ಮಾಡುತ್ತದೆ. ಒಳಗಿರುವವರ ಸಂಖ್ಯೆ ಎಂದರೆ, ಬರುವ ವೇಗವನ್ನು ಒಬ್ಬೊಬ್ಬರು ಉಳಿಯುವ ಸಮಯದಿಂದ ಗುಣಿಸಿದ್ದು. ಅಮೆರಿಕದ ಸಂಶೋಧಕ ಜಾನ್ ಲಿಟಲ್ 1961ರಲ್ಲಿ ಇದನ್ನು ಗಣಿತದಿಂದ ಸಾಧಿಸಿ ತೋರಿಸಿದರು. ಒಲೆಯಿಂದ ಹೊರಬರುವ ತಟ್ಟೆಗಳಿಗೆ ಮಿತಿ ಇರುವಾಗ, ಒಳಗೆ ಹೆಚ್ಚು ಜನರನ್ನು ಕೂರಿಸಿದರೆ ಹೆಚ್ಚು ಜನ ತಿಂದು ಹೋಗುವುದಿಲ್ಲ. ಪ್ರತಿಯೊಬ್ಬರೂ ಹೆಚ್ಚು ಹೊತ್ತು ಕುಳಿತಿರುತ್ತಾರೆ, ಅಷ್ಟೇ. ಬೆಂಚಿನ ಕಾಯುವಿಕೆ ಮೇಜಿಗೆ ಬರುತ್ತದೆ. ಬೆಂಚಿನಲ್ಲಿ ಕಾಯುವವನ ಕೈಯಲ್ಲಿ ಬಿಸಿ ಕಾಫಿ ಇದೆ, ಮುಂದೆ ಬೀದಿ ಇದೆ. ಮೇಜಿನಲ್ಲಿ ಕಾಯುವವನ ಮುಂದೆ ಖಾಲಿ ಜಾಗವಿದೆ, ಪಕ್ಕದಲ್ಲಿ ತಿನ್ನುತ್ತಿರುವವರು. ಎರಡೂ ಒಂದೇ ಅಲ್ಲ.

ಇದರಲ್ಲಿ ನಷ್ಟವಿಲ್ಲವೇ ಎಂದರೆ ಇದೆ. ಗಂಟೆಗೆ 24ರ ಬದಲು 18 ತಟ್ಟೆ ಎಂದರೆ ಕಾಲು ಭಾಗದ ವ್ಯಾಪಾರ ಕಾಗದದ ಮೇಲೆ ಹೋದಂತೆ. ಆದರೆ ಆ ಬಿಡುವಿನಲ್ಲಿಯೇ ಮಗುವೊಂದು ಚೆಲ್ಲಿದ ತಟ್ಟೆಗೆ ಬದಲಿ ತಟ್ಟೆ ಬಂತು. ಮೂಲೆಯ ಮೇಜಿನವರು ಎರಡನೆಯ ಸಲ ಮೊಟ್ಟೆ ಕೇಳಿದಾಗ ಅಡುಗೆಯವರ ಮುಖ ಗಂಟಾಗಲಿಲ್ಲ. ಚಿಕ್ಕ ಕೆಫೆಗೆ ಹೋಗುವುದು ಇದಕ್ಕಾಗಿ. ತುಂಬಿ ತುಳುಕುವ ಅಡುಗೆಮನೆಯಿಂದ ಇದನ್ನು ನಿರೀಕ್ಷಿಸಲಾಗದು.

ಕಾಯುವವರ ಮನಸ್ಸು

ಸರದಿಯಲ್ಲಿ ಕಾಯುವವರ ಮನಸ್ಸನ್ನು ಕುರಿತು ನಿರ್ವಹಣಾ ತಜ್ಞ ಡೇವಿಡ್ ಮೈಸ್ಟರ್ 1985ರಲ್ಲಿ ಬರೆದ ಮಾತುಗಳು ಈ ಬಾಗಿಲಿಗೆ ಅಳತೆ ತೆಗೆದು ಹೊಲಿದಂತಿವೆ. ಮಾಡಲು ಏನೂ ಇಲ್ಲದ ಹೊತ್ತು ಉದ್ದವೆನಿಸುತ್ತದೆ, ಇಲ್ಲಿ ಕಾಫಿ ಬಂತು. ಎಷ್ಟು ಹೊತ್ತೆಂದು ತಿಳಿಯದ ಕಾಯುವಿಕೆ ಉದ್ದವೆನಿಸುತ್ತದೆ, ಇಲ್ಲಿ ನಿಮಿಷ ಹೇಳಿದರು. ಕಾರಣ ತಿಳಿಯದ್ದು ಉದ್ದ, ಅನ್ಯಾಯವೆನಿಸಿದ್ದು ಇನ್ನೂ ಉದ್ದ. ಆ ಹಿರಿಯರು ಒಳಗೆ ನಡೆದಾಗ ಒಡತಿ ಹೊರಗೆ ಬಂದು ಹೇಳಿದ ಒಂದೇ ವಾಕ್ಯ ಕೊನೆಯ ಎರಡನ್ನೂ ನಿವಾರಿಸಿತು. ಆಕೆ ಇದನ್ನೆಲ್ಲ ಓದಿದ್ದಾರೋ ಇಲ್ಲವೋ ನಾನು ಕೇಳಲಿಲ್ಲ. ಬಾಗಿಲಲ್ಲಿ ನಿಂತು ಜನರ ಮುಖ ನೋಡುತ್ತ ಬಂದವರಿಗೆ ಓದಿನ ಹಂಗಿಲ್ಲ.

ಆ ಹಿರಿಯರ ಬಗ್ಗೆ ಇನ್ನೊಂದು ಮಾತು. ಮನೆ ಮೊದಲ ಜಾಗ, ಕೆಲಸದ ಸ್ಥಳ ಎರಡನೆಯದು, ಇವೆರಡೂ ಅಲ್ಲದೆ ಜನ ಸುಮ್ಮನೆ ಸೇರಿ ಮಾತಾಡುವ ಮೂರನೆಯ ಜಾಗವೊಂದು ಬೇಕು ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ರೇ ಓಲ್ಡನ್‌ಬರ್ಗ್ 1989ರಲ್ಲಿ ವಾದಿಸಿದರು. ಅಂಥ ಜಾಗಕ್ಕೆ ಕಳೆ ತರುವವರು ಅಲ್ಲಿಗೆ ನಿತ್ಯ ಬರುವವರು ಎಂಬುದು ಅವರ ಮಾತಿನ ತಿರುಳು. ವಾರಾಂತ್ಯದ ನೂಕುನುಗ್ಗಲಿನಲ್ಲಿ ನಿತ್ಯದ ಗಿರಾಕಿಯ ಸ್ಟೂಲನ್ನು ಕಾಯ್ದಿಡುವ ಕೆಫೆ ತನ್ನ ಜೀವವನ್ನೇ ಕಾಯ್ದುಕೊಳ್ಳುತ್ತಿದೆ. ನಮ್ಮಂಥವರು ವಾರಕ್ಕೊಮ್ಮೆ ಬಂದು ಮೆಚ್ಚಿಹೋಗುವ ವಾತಾವರಣವನ್ನು ಕಟ್ಟಿಕೊಟ್ಟವರು ಉಳಿದ ದಿನಗಳಲ್ಲಿ ಬರುವವರು.

ಒಲೆಯ ಮುಂದೆ

ನಮ್ಮ ಮೇಜು ಕಿಂಡಿಗೆ ಹತ್ತಿರವಿತ್ತು. ಅಕ್ಕನ ಮೊಟ್ಟೆ ಬೇಯುವುದನ್ನು ನಾನು ಪೂರ್ತಿ ನೋಡಿದೆ.

ಅಡುಗೆಯವರು ಬೆಣ್ಣೆ ಕರಗಿ ನೊರೆಯಾಗುವವರೆಗೆ ಕಾದು, ನೊರೆ ಕಂದಾಗುವ ಮೊದಲೇ ಉರಿ ತಗ್ಗಿಸಿ ಮೊಟ್ಟೆ ಸುರಿದರು. ಮೊದಲ ಅರ್ಧ ನಿಮಿಷ ಏನೂ ಆಗಲಿಲ್ಲ. ಮೊಟ್ಟೆಯ ಬಿಳಿ ಸುಮಾರು 62 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟಲು ಆರಂಭಿಸುತ್ತದೆ, ಹಳದಿ 65ರಿಂದ 70ರ ನಡುವೆ ಗಟ್ಟಿಯಾಗುತ್ತದೆ. ಈ ಕೆಲವೇ ಡಿಗ್ರಿಗಳಲ್ಲಿ ಮೆತ್ತಗಿನ ಮೊಟ್ಟೆಯ ಭವಿಷ್ಯ ತೀರ್ಮಾನವಾಗುತ್ತದೆ. ಉರಿ ಹೆಚ್ಚಾದರೆ ಪ್ರೊಟೀನ್ ಎಳೆಗಳು ಬಿಗಿದು ಒಳಗಿನ ನೀರನ್ನು ಹಿಂಡಿ ಹೊರಹಾಕುತ್ತವೆ. ತಟ್ಟೆಯ ತಳದಲ್ಲಿ ನೀರು, ಮೇಲೆ ರಬ್ಬರಿನಂಥ ಚೂರುಗಳು ಉಳಿಯುತ್ತವೆ. ಅವರು ಅಂಚಿನಿಂದ ನಡುವಿಗೆ ನಿಧಾನವಾಗಿ ಎಳೆಯುತ್ತ, ಇನ್ನೂ ಹಸಿ ಎನಿಸುವಾಗಲೇ ಬಾಣಲೆಯನ್ನು ಒಲೆಯಿಂದ ಎತ್ತಿಬಿಟ್ಟರು. ಉಳಿದ ಬೇಯುವಿಕೆ ಬಾಣಲೆಯ ಬಿಸಿಯಲ್ಲೇ ಆಯಿತು. ತಟ್ಟೆಗೆ ಹಾಕಿದ ತಕ್ಷಣ ಒಡತಿ ಎತ್ತಿಕೊಂಡರು. ಕಿಂಡಿಯಲ್ಲಿ ತಟ್ಟೆ ಎರಡು ನಿಮಿಷ ನಿಂತಿದ್ದರೆ ಆ ಮೊಟ್ಟೆ ತನ್ನ ಬಿಸಿಗೇ ಇನ್ನಷ್ಟು ಬೆಂದು ಬೇರೆಯೇ ಆಗಿರುತ್ತಿತ್ತು. ಎಂಟು ಮೇಜು ತುಂಬಿದ್ದರೆ ಅದು ನಿಂತೇ ಇರುತ್ತಿತ್ತು.

ಅಕ್ಕ ಒಂದು ತುತ್ತು ತಿಂದು, "ಇದನ್ನು ಮನೆಯಲ್ಲಿ ಏಕೆ ಮಾಡಲು ಬರುವುದಿಲ್ಲ ನನಗೆ?" ಎಂದಳು. ಅವಸರದಿಂದ ಎಂಬುದು ನನ್ನ ಉತ್ತರ. ಅವಳು ಒಪ್ಪಲಿಲ್ಲ.

ಕಾಫಿಯ ಕಡೆಯ ಕೆಲಸವೂ ಇಷ್ಟೇ ಬಿಗಿಯಾದದ್ದು. ಎಸ್ಪ್ರೆಸೊ ಎಂದರೆ ಸುಮಾರು 9 ಬಾರ್ (ಸುತ್ತಲಿನ ಗಾಳಿಯ ಒತ್ತಡದ ಸುಮಾರು ಒಂಬತ್ತು ಪಟ್ಟು) ಒತ್ತಡದಲ್ಲಿ 25ರಿಂದ 30 ಸೆಕೆಂಡುಗಳಲ್ಲಿ ಇಳಿಯಬೇಕಾದ ಕಾಫಿಯ ಸಾರ. ಬೇಗ ಇಳಿದರೆ ಹುಳಿ, ತಡವಾದರೆ ಕಹಿ. ಹಾಲನ್ನು 60ರಿಂದ 65 ಡಿಗ್ರಿಗೆ ಬಿಸಿ ಮಾಡಿದಾಗ ಅದರ ಸಿಹಿ ನಾಲಗೆಗೆ ಚೆನ್ನಾಗಿ ಗೊತ್ತಾಗುತ್ತದೆ, 70 ದಾಟಿದರೆ ಕಾಯಿಸಿದ ಹಾಲಿನ ವಾಸನೆ ಬರುತ್ತದೆ, ನೊರೆಯ ನಯವೂ ಕೆಡುತ್ತದೆ. ಯುವಕ ಉಷ್ಣತಾಮಾಪಕ ಬಳಸುತ್ತಿರಲಿಲ್ಲ. ಎಡಗೈಯನ್ನು ಪಾತ್ರೆಗೆ ತಾಗಿಸಿ ಹಿಡಿದು, ಹಿಡಿಯಲಾಗದಷ್ಟು ಬಿಸಿಯಾದ ಕ್ಷಣ ಆವಿ ನಿಲ್ಲಿಸುತ್ತಿದ್ದ. ಈ ಕೆಲಸ ಒಲೆಯನ್ನು ಮುಟ್ಟುವುದೇ ಇಲ್ಲ. ಬೆಂಚಿಗೆ ಕಾಫಿ ಕೊಡುವ ಉಪಾಯ ನಡೆಯುವುದೂ ಅದರಿಂದಲೇ. ಕಾಫಿ ಯಂತ್ರ ಬಿಡುವಾಗಿದೆ, ಒಲೆ ಇಲ್ಲ. ಬಿಡುವಿರುವ ಕಡೆಯಿಂದ ಉಪಚಾರ ಶುರುಮಾಡಿದರು.

ತಪ್ಪಿದ್ದೆಲ್ಲಿ

ನನ್ನ ಟೋಸ್ಟು ಮೊಟ್ಟೆಗಿಂತ ಮೊದಲೇ ಬಂತು. ಬಂದಾಗಲೇ ಬೆಚ್ಚಗಿತ್ತು, ಬಿಸಿಯಲ್ಲ. ಮೊಟ್ಟೆ ಬರುವ ಹೊತ್ತಿಗೆ ತಣ್ಣಗಾಗಿತ್ತು. ಬೆಣ್ಣೆ ಕರಗುವುದಕ್ಕೆ 32ರಿಂದ 35 ಡಿಗ್ರಿ ಸಾಕು, ಅದೂ ಅಲ್ಲಿರಲಿಲ್ಲ. ಬೆಣ್ಣೆಯ ತುಂಡು ಬ್ರೆಡ್ಡಿನ ಮೇಲೆ ಹಾಗೇ ಕುಳಿತಿತ್ತು, ಹಚ್ಚಲು ಹೋದರೆ ಬ್ರೆಡ್ಡೇ ಹರಿಯಿತು. ಎರಡು ಹೋಳುಗಳನ್ನು ಒಂದರ ಮೇಲೊಂದು ಇಟ್ಟಿದ್ದರಿಂದ ಒಳಗಿನ ಆವಿ ಹೊರಹೋಗದೆ ನಡುವಿನ ಗರಿ ಮೆತ್ತಗಾಗಿತ್ತು.

ಕಾರಣ ಸ್ಪಷ್ಟ. ಟೋಸ್ಟರು ಕಾಫಿ ಯುವಕನ ಕೈಯಲ್ಲಿದೆ, ಮೊಟ್ಟೆ ಅಡುಗೆಯವರ ಕೈಯಲ್ಲಿ. ಯಾವುದು ಯಾವಾಗ ಸಿದ್ಧ ಎಂದು ಇಬ್ಬರೂ ಹೇಳಿಕೊಳ್ಳುವುದಿಲ್ಲ. ಯುವಕ ತನ್ನ ಬಿಡುವಿನಲ್ಲಿ ಬ್ರೆಡ್ಡು ಸುಡುತ್ತಾನೆ, ಮೊಟ್ಟೆಯ ಬಿಡುವು ಬೇರೆ. ಟೋಸ್ಟು ಸುಡಲು ಎರಡು ಮೂರು ನಿಮಿಷ ಬೇಕು, ತೆಳ್ಳಗಿರುವುದರಿಂದ ತಣ್ಣಗಾಗುವುದಕ್ಕೂ ಅಷ್ಟೇ ಸಾಕು. ಮೊಟ್ಟೆ ಬಾಣಲೆಗೆ ಬಿದ್ದಾಗ ಅಡುಗೆಯವರು ಒಂದು ಮಾತು ಕೂಗಿ ಹೇಳಿದರೆ ಈ ತೊಂದರೆಯೇ ಇರುವುದಿಲ್ಲ. ಒಡತಿಗೆ ಹೇಳಿದೆ. ಟೋಸ್ಟರನ್ನೇ ಕಿಂಡಿಯ ಒಳಕ್ಕೆ ಸರಿಸಬೇಕೆಂದಿದ್ದೇವೆ, ಪ್ಲಗ್ಗಿನ ಜಾಗ ಸಿಕ್ಕಿಲ್ಲ ಎಂದರು.

ಹೊರಟುಹೋದ ಜೋಡಿಯ ವಿಷಯದಲ್ಲಿ ನಾನು ಕೆಫೆಯ ಪರ ನಿಲ್ಲಲಾರೆ. ಮೇಜು ಕೊಡುವುದಿಲ್ಲ ಎಂದ ಮೇಲೆ ಅದರ ಮೇಲೆ ಚಮಚ, ಕರವಸ್ತ್ರ ಇಡಬಾರದು. ಸಿದ್ಧಪಡಿಸಿದ ಮೇಜು ಕರೆಯುತ್ತದೆ. ಆ ಎರಡು ಮೇಜಿನ ಕುರ್ಚಿಗಳನ್ನು ತೆಗೆದು, ಮೇಜಿನ ಮೇಲೆ ಅಂದಿನ ಕೇಕುಗಳನ್ನೋ ತೊಳೆದ ಲೋಟಗಳನ್ನೋ ಇಟ್ಟಿದ್ದರೆ ಅವು ಮೇಜಾಗಿ ಕಾಣುತ್ತಲೇ ಇರಲಿಲ್ಲ. ಬಾಗಿಲಲ್ಲಿ ಒಂದು ಸಾಲಿನ ಬರಹವೂ ಬೇಕು: ಹೆಸರು ಬರೆಸಿ ಕಾಯಿರಿ. ಒಳ್ಳೆಯ ನಿರ್ಧಾರವೊಂದನ್ನು ಪ್ರತಿಯೊಬ್ಬರಿಗೂ ಬಾಯಲ್ಲಿ ವಿವರಿಸುತ್ತ ಕೂರಲು ಒಡತಿಗೆ ಸಮಯವಿಲ್ಲ. ಹಸಿದು ಬಂದವರು ಎದ್ದು ನಿಲ್ಲಬೇಕಾದ ಅವಮಾನ ಸಣ್ಣದಲ್ಲ. ಅವರಿಬ್ಬರೂ ಮತ್ತೆ ಅಲ್ಲಿಗೆ ಬರುವುದಿಲ್ಲ ಎಂದೇ ನನ್ನ ಎಣಿಕೆ.

ಅಕ್ಕನ ಪ್ರಶ್ನೆ

ಅಕ್ಕ ಲೆಕ್ಕವನ್ನೆಲ್ಲ ಕೇಳಿಸಿಕೊಂಡು ಒಂದು ಪ್ರಶ್ನೆ ಹಾಕಿದಳು. "ಕಾಫಿಗೆ ಒಲೆ ಬೇಡವಲ್ಲ. ಆ ಎರಡು ಮೇಜನ್ನು ಕಾಫಿ, ಕೇಕು ಮಾತ್ರ ತೆಗೆದುಕೊಳ್ಳುವವರಿಗೆ ಕೊಟ್ಟರೆ?"

"ಕೊಟ್ಟು ನೋಡಿದ್ದೇವೆ ಮೇಡಂ," ಎಂದರು ಒಡತಿ. "ಕಾಫಿಗೆಂದು ಕುಳಿತವರು ಪಕ್ಕದವರ ತಟ್ಟೆ ನೋಡಿದ ಮೇಲೆ ಕಾಫಿಗೆ ನಿಲ್ಲುವುದಿಲ್ಲ. ಮೊಟ್ಟೆ ಕೇಳುತ್ತಾರೆ. ಕುಳಿತವರಿಗೆ ಇಲ್ಲ ಎನ್ನಲು ನನ್ನಿಂದಾಗುವುದಿಲ್ಲ."

ಸ್ಟೂಲಿನ ಮೇಲೆ ಕೂರುವ ಹಿರಿಯರಿಗೆ ಈ ಕಷ್ಟವಿಲ್ಲ, ಅವರ ಮುಖ ಕಾಫಿ ಯಂತ್ರದ ಕಡೆಗಿದೆ, ಬೆನ್ನು ಮೇಜುಗಳ ಕಡೆಗೆ. ಅದನ್ನೇ ಹಿಡಿದು ಅಕ್ಕ ಮುಂದುವರಿದಳು: ಕಿಟಕಿಯ ಉದ್ದಕ್ಕೂ ಮೊಣಕೈ ಊರುವಷ್ಟು ಅಗಲದ ಒಂದು ಹಲಗೆ ಹೊಡೆಸಿ, ಬೀದಿಗೆ ಮುಖ ಮಾಡಿ ನಾಲ್ಕು ಸ್ಟೂಲು ಹಾಕಬಹುದು. ತಟ್ಟೆ ಇಡಲು ಜಾಗ ಸಾಲದಷ್ಟು ಕಿರಿದಾಗಿರಲಿ, ಕಪ್ಪು ಮತ್ತು ಒಂದು ತುಂಡು ಕೇಕಿಗೆ ಸಾಕು. ಖಾಲಿ ಎರಡು ಮೇಜುಗಳನ್ನು ಆಗ ಕೋಣೆಯಿಂದಲೇ ತೆಗೆಯಬಹುದು. ಒಡತಿ ಕಿಟಕಿಯ ಕಡೆ ತಿರುಗಿ, ಪರದೆಯನ್ನು ಎಷ್ಟು ಮೇಲಕ್ಕೆ ಕಟ್ಟಬೇಕಾದೀತು ಎಂದು ಕೈಯಲ್ಲಿ ಅಳೆಯತೊಡಗಿದರು. ಪರದೆ ಗಿಡ್ಡವಾದರೆ ಸದ್ದು ಹೆಚ್ಚುತ್ತದೆ ಎಂದು ನಾನು ಹೇಳಿದೆ. ಹಲಗೆಯ ಅಡಿಭಾಗಕ್ಕೆ ದಪ್ಪ ಬಟ್ಟೆ ಹೊಡೆಸಿದರಾಯಿತು ಎಂದು ಅಕ್ಕ ಅಂದಳು.